ಹನ್ನೆರಡನೆಯ ಮೆಟ್ಟಿಲು

ಎಳೆಯ ಮಕ್ಕಳ ಕೈಗೆ ಫೋನ್ ಕೊಡಬೇಕೆ, ಬೇಡವೆ? ನಾಳೆಯ ಟೀಚರಮ್ಮನಿಗೆ ಈ ಪ್ರಶ್ನೆ ಪರೀಕ್ಷೆಯಲ್ಲೂ ಬರುತ್ತದೆ, ತರಗತಿಯಲ್ಲೂ ಬರುತ್ತದೆ. ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಚಾಮುಂಡಿ ಬೆಟ್ಟ ಹತ್ತಿ ಸುತ್ತ ಬೆರಳು ತೋರಿಸಿದರೆ ಸಾಕು, ತೊಂಬತ್ತು ವರ್ಷಗಳ ಪ್ರಯೋಗ ಬೆಟ್ಟದ ಸುತ್ತಲೇ ಹರಡಿಕೊಂಡಿದೆ.

"ಒಂಬತ್ತು, ಹತ್ತು, ಹನ್ನೊಂದು, ಹದಿಮೂರು..."

ಭಾನುವಾರ, ಬೆಳಿಗ್ಗೆ ಆರೂಕಾಲು. ಬೆಟ್ಟದ ಪಾದದಲ್ಲಿ ಇನ್ನೂ ತಣ್ಣನೆ ಗಾಳಿ. ಹರಕೆ ಹೊತ್ತ ಇಬ್ಬರು ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ನಮ್ಮ ಮುಂದೆ ಹೋಗುತ್ತಿದ್ದಾರೆ. ಅವರ ಹಿಂದೆ, ಹಳದಿ ಕೆಂಪು ಬೊಟ್ಟುಗಳನ್ನು ತುಳಿಯದಂತೆ ಕಾಲು ಎತ್ತಿಡುತ್ತ, ನಾಲ್ಕು ವರ್ಷದ ನಮ್ಮ ಪುಟ್ಟ ಎಣಿಸುತ್ತಿದ್ದಾನೆ. ಪ್ರತಿ ಸಲವೂ ಹನ್ನೆರಡು ಜಾರಿಹೋಗುತ್ತಿದೆ.

ತಿದ್ದೋಣವೆಂದು ನಾನು ಬಾಯಿ ತೆರೆದೆ. "ಸುಮ್ನಿರಿ ದೊಡ್ಡಪ್ಪ" ಎಂದು ತಮ್ಮನ ಮಗಳು ನನ್ನ ತೋಳು ಹಿಡಿದಳು. ಪುಟ್ಟ ಅವಳ ಅಕ್ಕನ ಮಗ. ಇವಳು ಡಿ.ಎಡ್. ಓದುತ್ತಿದ್ದಾಳೆ, ಮುಂದಿನ ವರ್ಷ ಇಂಥದೇ ಪುಟಾಣಿಗಳ ಮುಂದೆ 'ಮಿಸ್' ಆಗಿ ನಿಲ್ಲುವವಳು.

ಅವಳು ಚೀಲದಿಂದ ಫೋನ್ ತೆಗೆದದ್ದೇ ತಡ, ಪುಟ್ಟ ಹಾರಿ ಬಂದ. "ಚಿಕ್ಕಿ, ಕಾರ್ಟೂನು!"

"ಕಾರ್ಟೂನ್ ಇಲ್ಲ. ನೀನು ಎಣಿಸು, ಇದು ಕೇಳಿಸ್ಕೊಳ್ಳತ್ತೆ."

ಪುಟ್ಟ ಫೋನಿಗೆ ಬಾಯಿ ತಾಗಿಸಿ, ಗುಟ್ಟು ಹೇಳುವವನಂತೆ ಒಂದರಿಂದ ಇಪ್ಪತ್ತರ ತನಕ ಎಣಿಸಿದ. ಅವಳು ಅದನ್ನೇ ಹಚ್ಚಿ ಕೇಳಿಸಿದಳು. ತನ್ನದೇ ದನಿ ಕೇಳಿ ಮೊದಲು ನಕ್ಕ. "ಇನ್ನೊಂದ್ಸಲ" ಎಂದ. ಎರಡನೆಯ ಸಲ ನಗಲಿಲ್ಲ, ಹುಬ್ಬು ಗಂಟಿಕ್ಕಿತು. ಪಕ್ಕದ ಮನೆಯ ಹುಡುಗನ ಮೇಲೆ ಚಾಡಿ ಹೇಳುವ ದನಿಯಲ್ಲಿ ಕೂಗಿದ: "ಚಿಕ್ಕಿ! ಇವ್ನು ಹನ್ನೆರಡು ಹೇಳ್ಲೇ ಇಲ್ಲ!"

ಫೋನ್ ಮತ್ತೆ ಚೀಲ ಸೇರಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಪಾಠಯೋಜನೆಯ ಖಾಲಿ ಕಲಂ

ಮಂಟಪದ ನೆರಳಲ್ಲಿ ಕೂತು ನೀರು ಕುಡಿಯುವಾಗ ಅವಳು ತನ್ನ ಸಂಕಟ ಹೇಳಿಕೊಂಡಳು. ಪಾಠಯೋಜನೆ ಬರೆಯುವಾಗ ಕಲಿಕಾ ಉಪಕರಣಗಳ ಜೊತೆಗೆ ತಂತ್ರಜ್ಞಾನವನ್ನು ಎಲ್ಲಿ ಬಳಸುತ್ತೀರಿ ಎಂದೂ ಬರೆಯಬೇಕು. ಎಲ್ಲರೂ 'ವಿಡಿಯೋ ತೋರಿಸುವುದು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅವಳೂ ಹಾಗೇ ಬರೆದಿದ್ದಳು, ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಪೆಟ್ಟು ತಿನ್ನುವವರೆಗೆ.

ಅಂದು ಪಾಠ ಆನೆಯದು. ಪ್ರಾಜೆಕ್ಟರ್ ಹೊಂದಿಸಿ, ಕಿಟಕಿ ಮುಚ್ಚಿ, ಆನೆ ನೀರಾಟವಾಡುವ ವಿಡಿಯೋ ಹಚ್ಚಿದಳು. ಆನೆ ಸೊಂಡಿಲೆತ್ತಿತು, ಅಲ್ಲೇ ನಿಂತಿತು. ನೆಟ್‌ವರ್ಕ್ ಇಲ್ಲ. ಪರದೆಯ ನಡುವೆ ಬಿಳಿ ಚಕ್ರ ಗಿರಗಿರನೆ ತಿರುಗತೊಡಗಿತು. ಮಕ್ಕಳು ಆನೆ ಮರೆತು "ಮಿಸ್, ಚಕ್ರ! ಚಕ್ರ!" ಎಂದು ಕುಣಿದರು.

ಅಷ್ಟರಲ್ಲಿ ಒಬ್ಬ ಹುಡುಗ ಎದ್ದುಹೋಗಿ ಪ್ರಾಜೆಕ್ಟರಿನ ಬೆಳಕಿಗೆ ಕೈ ಒಡ್ಡಿದ. ಗೋಡೆಯ ಮೇಲೆ ಭಾರಿ ನೆರಳು. ತೋಳನ್ನು ಇಳಿಬಿಟ್ಟು ಅಲ್ಲಾಡಿಸಿದ, ಸೊಂಡಿಲು! ಇನ್ನೊಬ್ಬಳು ಎರಡು ಅಂಗೈ ಅಗಲಿಸಿದಳು, ಕಿವಿ! ಬೆಳಕಿಗೆ ಹತ್ತಿರ ಹೋದರೆ ಆನೆ ದೊಡ್ಡದು, ದೂರ ಸರಿದರೆ ಮರಿ ಆನೆ. ಅರ್ಧ ಗಂಟೆ ತರಗತಿ ಅದರಲ್ಲೇ ಮುಳುಗಿಹೋಯಿತು.

"ವಿಡಿಯೋ ಓಡಿದ್ರೆ ಅವು ಸುಮ್ನೆ ಕೂತು ನೋಡ್ತಿದ್ವು ದೊಡ್ಡಪ್ಪ. ಕೆಟ್ಟಿದ್ದಕ್ಕೇ ಪಾಠ ಆಯ್ತು" ಎಂದಳು. "ಆದ್ರೆ ಕೆಡೋದನ್ನ ಪಾಠಯೋಜನೇಲಿ ಬರೆಯೋಕಾಗತ್ತಾ?"

ಆಗುವುದಿಲ್ಲ. ಆದರೆ ಅಂದು ಏನಾಯಿತು ಎಂಬುದನ್ನು ಹೆಸರಿಟ್ಟು ಹೇಳಬಹುದು. ಯಂತ್ರ ಹಿಂದೆ ಸರಿಯಿತು, ಮಗುವಿನ ಕೈ ಮುಂದೆ ಬಂತು. ಹಾಗೆ ನೋಡಿದರೆ ಮೈಸೂರು ಸೀಮೆಯ ಶಿಕ್ಷಣದ ಕಥೆಯೂ ಇದೇ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಿದೆ.

ಬೆಟ್ಟದಿಂದ ಕಂಡ ತೊಂಬತ್ತು ವರ್ಷ

ಇನ್ನಷ್ಟು ಹತ್ತಿ ಹಿಂತಿರುಗಿ ನಿಂತರೆ ಊರು ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಲಲಿತ ಮಹಲಿನ ಬಿಳಿ ಗುಮ್ಮಟ, ಕಾರಂಜಿ ಕೆರೆ, ರೇಸ್ ಕೋರ್ಸಿನ ಹಸಿರು ಬಳೆ. ಆಚೆ, ಊರಿನ ಇನ್ನೊಂದು ಮಗ್ಗುಲಲ್ಲಿ ಯಾದವಗಿರಿ, ಅಲ್ಲಿ ಆಕಾಶವಾಣಿ.

1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ, ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್, ಹೆಚ್ಚುಕಡಿಮೆ ಒಂದು ಟ್ಯೂಬ್‌ಲೈಟಿನಷ್ಟು. ಮೇಷ್ಟ್ರು ಡಾ. ಎಂ.ವಿ. ಗೋಪಾಲಸ್ವಾಮಿ. ಆ ಪುಟ್ಟ ನಿಲಯಕ್ಕೆ ಬಿದ್ದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಗೋಪಾಲಸ್ವಾಮಿ ಎಂಜಿನಿಯರ್ ಆಗಿರಲಿಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನುಷ್ಯನ ಮನಸ್ಸು ಹೇಗೆ ಕೇಳಿಸಿಕೊಳ್ಳುತ್ತದೆ ಎಂದು ತಲೆಕೆಡಿಸಿಕೊಂಡವರೇ ಯಂತ್ರವನ್ನೂ ತಂದಿಟ್ಟರು. ಈಗ ಎಷ್ಟೋ ಕಡೆ ಮೊದಲು ಯಂತ್ರ ಬರುತ್ತದೆ, ಮನಸ್ಸಿನ ಯೋಚನೆ ಆಮೇಲೆ.

ಬೆರಳನ್ನು ಪೂರ್ವಕ್ಕೆ ತಿರುಗಿಸಿದರೆ ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಈ ತಾಲ್ಲೂಕು. 100 ಅಂಗನವಾಡಿಗಳಿಂದ ಆರಂಭ. 2025ರ ಅಕ್ಟೋಬರ್ 2ಕ್ಕೆ ಯೋಜನೆಗೆ 50 ತುಂಬಿತು. ಅಂದೇ ವಿಜಯದಶಮಿ, ಎಷ್ಟೋ ಮನೆಗಳಲ್ಲಿ ಮಕ್ಕಳ ಬೆರಳು ಹಿಡಿದು ಅಕ್ಕಿಯಲ್ಲಿ ಮೊದಲ ಅಕ್ಷರ ತಿದ್ದಿಸುವ ದಿನ.

ಅದೇ 1975ರಲ್ಲಿ, ಅಂಗನವಾಡಿಗಿಂತ ಎರಡು ತಿಂಗಳು ಮೊದಲು, ರಾಜ್ಯದ ಉತ್ತರ ತುದಿಯಲ್ಲಿ ಇನ್ನೊಂದು ಪ್ರಯೋಗ ಶುರುವಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ವಿದ್ಯುತ್ತನ್ನೇ ಸರಿಯಾಗಿ ಕಾಣದ ಊರಿನ ಮಕ್ಕಳು ಕೋಳಿ ಗೂಡಿನ ಬಲೆಯಂಥ ಆಂಟೆನಾ ಕೆಳಗೆ ಕೂತು ಆಕಾಶದಿಂದ ಬಂದ ಚಿತ್ರ ನೋಡಿದರು.

ಸರಿಯಾಗಿ ಒಂದು ವರ್ಷ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ತನ್ನ ದಾರಿ ಹಿಡಿಯಿತು. ಆ ವರ್ಷದಿಂದ ದೇಶ ಕಲಿತದ್ದು ಬಹಳ. ಇನ್‌ಸ್ಯಾಟ್ ಸರಣಿಗೆ, ಹಳ್ಳಿಗಳಿಗೆ ಬಂದ ದೂರದರ್ಶನಕ್ಕೆ ಅದೇ ತಳಪಾಯ. ಆದರೂ ಮಗುವಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಆಕಾಶದಿಂದ ಬಂದದ್ದು ಆಕಾಶಕ್ಕೆ ಹೋಯಿತು. ಅಂಗಳದಲ್ಲಿ ಹುಟ್ಟಿದ್ದು ಉಳಿಯಿತು. ಅಂದಿನ 100 ಅಂಗನವಾಡಿಗಳು ಇಂದು ರಾಜ್ಯದಲ್ಲಿ 65 ಸಾವಿರ ದಾಟಿವೆ.

ಕತ್ತರಿ, ರಟ್ಟು, ಗೋಂದು

ಈಗ ನೈಋತ್ಯಕ್ಕೆ ತಿರುಗಿ. ಕಬಿನಿಯ ಸೀಮೆ, ಕಾಡಂಚಿನ ಹೆಗ್ಗಡದೇವನಕೋಟೆ. ಇಲ್ಲಿ 1995ರಲ್ಲಿ ನಡೆದದ್ದು ನನ್ನ ಪ್ರಕಾರ ಕರ್ನಾಟಕದ ಎಳೆಯ ಮಕ್ಕಳ ತರಗತಿ ಕಂಡ ಅತಿ ದೊಡ್ಡ ತಂತ್ರಜ್ಞಾನ. ಅದಕ್ಕೆ ಪ್ಲಗ್ಗೂ ಇಲ್ಲ, ಸ್ವಿಚ್ಚೂ ಇಲ್ಲ.

ಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಒಬ್ಬರೇ ಟೀಚರ್, ಬೇರೆ ಬೇರೆ ವಯಸ್ಸಿನ ಮಕ್ಕಳು, ಆದರೂ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಹೋಗುವ ವ್ಯವಸ್ಥೆ. ಯುನಿಸೆಫ್ ನೆರವಿನಲ್ಲಿ ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಂಡರು. ಪಠ್ಯವನ್ನು ಚೂರು ಚೂರು ಮಾಡಿ ಕಾರ್ಡುಗಳಾಗಿ ಬರೆದರು. ಕಾರ್ಡಿಗೊಂದು ಚಿತ್ರದ ಗುರುತು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಹಗ್ಗ ಕಟ್ಟಿದ ಕಲಿಕಾ ಚಪ್ಪರ. ಅದಕ್ಕೆ ಇಟ್ಟ ಹೆಸರು 'ನಲಿ-ಕಲಿ'.

ಓದಲು ಬಾರದ ಮಗುವೂ ಏಣಿಯ ಮೇಲಿನ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದರೂ ಚಿಂತೆಯಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಇವತ್ತು ಭಾರಿ ಬೆಲೆಯ ಆ್ಯಪ್‌ಗಳು 'ಪ್ರತಿ ಮಗುವಿಗೂ ಅದರದೇ ದಾರಿ' ಎಂದು ಜಾಹೀರಾತು ಕೊಡುತ್ತವಲ್ಲ, ಅದನ್ನು ಕೋಟೆಯ ಮೇಷ್ಟ್ರುಗಳು ಮೂವತ್ತು ವರ್ಷದ ಹಿಂದೆ ಕತ್ತರಿ, ರಟ್ಟು, ಗೋಂದಿನಲ್ಲಿ ಮಾಡಿಟ್ಟಿದ್ದರು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಹರಡಿತು.

ರಾಜ್ಯವಿಡೀ ಹರಡಿದ ಮೇಲೆ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ತಾನೇ ಮಾಡಿದ ಕಾರ್ಡಿನ ಮೇಲಿದ್ದ ಮಮತೆ ಅಚ್ಚಾದ ಕಾರ್ಡಿನ ಮೇಲೆ ಎಲ್ಲರಿಗೂ ಬರಲಿಲ್ಲ ಎಂದು ಹಳೆಯ ಮೇಷ್ಟ್ರುಗಳ ಬಾಯಲ್ಲಿ ಕೇಳಿದ್ದೇನೆ. ಉಪಕರಣ ಒಂದೇ ಇದ್ದರೂ ಅದು ಯಾರ ಕೈಯಿಂದ ಬಂತು ಎಂಬುದರ ಮೇಲೆ ಅದರ ಆಯಸ್ಸು ನಿಂತಿರುತ್ತದೆ.

ಇನ್ನು ದಕ್ಷಿಣಕ್ಕೆ ಚಾಮರಾಜನಗರ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಭಾರತ ಕಳಿಸಿದ ಮೊದಲ ಉಪಗ್ರಹ. ಅದರ ಪ್ರಾಥಮಿಕ ಶಿಕ್ಷಣ ಯೋಜನೆಗೆ ಆಯ್ಕೆಯಾದದ್ದು ಈ ಜಿಲ್ಲೆಯ 885 ಶಾಲೆಗಳು. ಮಲೆ ಮಹದೇಶ್ವರನ ಸೀಮೆಯ ಶಾಲೆಗಳ ಮೇಲೆ ಡಿಶ್‌ಗಳು ಎದ್ದವು. 2010ರ ಸೆಪ್ಟೆಂಬರಿನಲ್ಲಿ ಉಪಗ್ರಹ ನಿವೃತ್ತಿಯಾಯಿತು. ಉಪಗ್ರಹಕ್ಕೂ ವಯಸ್ಸಾಗುತ್ತದೆ, ಟಿ.ವಿ.ಗೂ ವಯಸ್ಸಾಗುತ್ತದೆ. ಪಾಠ ನೋಡಿ "ಬನ್ನಿ ಮಕ್ಕಳೇ, ಈಗ ನಾವೂ ಮಾಡೋಣ" ಎಂದು ಎದ್ದ ಟೀಚರ್ ಇದ್ದ ಕಡೆ ಮಾತ್ರ ಆ ಪಾಠಕ್ಕೆ ವಯಸ್ಸಾಗುವುದಿಲ್ಲ.

---

ಚೌಕಟ್ಟು 1: ಪುಟಾಣಿ ಮತ್ತು ಪರದೆ

- ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ (ಏಪ್ರಿಲ್ 2019): 2 ವರ್ಷ ತುಂಬುವವರೆಗೆ ಕೂತು ಪರದೆ ನೋಡುವುದು ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು.
- ಅದೇ ಮಾರ್ಗಸೂಚಿಯಲ್ಲಿ 3-4 ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ, ಆಟ. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥದು. ನಿದ್ದೆ 10ರಿಂದ 13 ಗಂಟೆ.
- ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ 6 ವರ್ಷದೊಳಗೇ ಆಗುತ್ತದೆ. 3ರಿಂದ 8 ವರ್ಷವನ್ನು ಒಂದೇ 'ಬುನಾದಿ ಹಂತ' ಎಂದು ಗುರುತಿಸಿದ್ದೂ ಈ ನೀತಿಯೇ.

---

ಗಾಜಿನ ಆಚೆಯ ಮಾತು

ಯಂತ್ರ ಒಂದೇ ಸಾಲದು ಎಂಬುದು ಹಳೆಯ ಕಾಲದವರ ಗೊಣಗಾಟವಿರಬಹುದೆ? ಪ್ರಯೋಗಾಲಯದವರೂ ಇದನ್ನೇ ಹೇಳುತ್ತಾರೆ.

2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಹಸುಳೆಗಳಿಗೆ ಚೀನೀ ಭಾಷೆ ಕೇಳಿಸುವುದು. ಒಂದು ಗುಂಪಿನ ಎದುರು ಚೀನೀ ಮಾತಾಡುವವರು ಖುದ್ದಾಗಿ ಕೂತು ಪುಸ್ತಕ ಓದಿದರು, ಆಟಿಕೆ ಆಡಿಸಿದರು. ಸುಮಾರು 25 ನಿಮಿಷದ 12 ಭೇಟಿಗಳು. ಬೇರೆ ಗುಂಪುಗಳಿಗೆ ಅವೇ ಮಾತು, ಅವೇ ಜನ, ಆದರೆ ಟಿ.ವಿ.ಯಲ್ಲಿ ಅಥವಾ ಬರೀ ಧ್ವನಿಯಲ್ಲಿ.

ಎದುರು ಕೂತವರಿಂದ ಕೇಳಿದ ಹಸುಳೆಗಳು ಚೀನೀ ಭಾಷೆಯ ಸೂಕ್ಷ್ಮ ಸದ್ದುಗಳನ್ನು ಬೇರೆ ಮಾಡಿ ಗುರುತಿಸುವಷ್ಟು ಕಲಿತವು. ಟಿ.ವಿ. ಮುಂದೆ ಕೂತವುಗಳಿಗೆ ಏನೂ ಹತ್ತಲಿಲ್ಲ.

ಕಾರಣ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಮಗು ಕಾಗೆ ಕಡೆ ನೋಡಿದರೆ ಅಜ್ಜಿ "ಕಾಗೆ ಬಂತು ನೋಡು" ಎನ್ನುತ್ತಾಳೆ. ಮಗು ತುತ್ತು ಉಗಿದರೆ ಕಥೆಯಲ್ಲಿ ಗುಮ್ಮ ಬರುತ್ತಾನೆ. ಮಗುವಿನ ಕಣ್ಣು ಹೋದ ಕಡೆ ಮಾತೂ ಹೋಗುತ್ತದೆ. ಪರದೆಯ ಗುಮ್ಮನಿಗೆ ಎದುರಿಗಿರುವ ಮಗು ನಕ್ಕಿತೋ ಅತ್ತಿತೋ ತಿಳಿಯದು.

ಬೆರಳಿನ ಮಾತೂ ಹಾಗೆಯೇ. ಅಕ್ಕಿಯಲ್ಲಿ ತಿದ್ದುವ ಬೆರಳಿಗೆ ಕಾಳು ಎದುರು ನಿಲ್ಲುತ್ತದೆ, ಒತ್ತಿದರೆ ತಟ್ಟೆ ತಾಗುತ್ತದೆ. 1939ರಲ್ಲಿ ಮದರಾಸಿಗೆ ಬಂದ ಮಾರಿಯಾ ಮಾಂಟೆಸ್ಸರಿ ಮರಳು ಕಾಗದದಲ್ಲಿ ಅಕ್ಷರ ಕತ್ತರಿಸಿ ಅಂಟಿಸುವುದನ್ನು ಟೀಚರುಗಳಿಗೆ ಕಲಿಸಿದ್ದೂ ಈ ತರಿತರಿ ಸ್ಪರ್ಶಕ್ಕಾಗಿಯೇ. ಗಾಜಿನ ಮೇಲೆ 'ಅ'ವೂ ನುಣುಪು, 'ಆ'ವೂ ನುಣುಪು, ಆನೆಯೂ ನುಣುಪು.

ಈ ಚರ್ಚೆ ನಮ್ಮಲ್ಲಿ ಬೀದಿಗೂ ಬಂದಿತ್ತು, ನ್ಯಾಯಾಲಯಕ್ಕೂ ಹೋಗಿತ್ತು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೆಯ ತರಗತಿಯವರೆಗೆ ಆನ್‌ಲೈನ್ ತರಗತಿ ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ವರ್ಷವೇ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು 'ವಿದ್ಯಾಗಮ'ದ ಹೆಸರಲ್ಲಿ ಊರ ಜಗಲಿಗೆ, ದೇವಸ್ಥಾನದ ಅಂಗಳಕ್ಕೆ, ಅರಳಿಕಟ್ಟೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡರು. ವಾದ ಎರಡು ಕಡೆಯಿಂದಲೂ ಜೋರಾಗಿತ್ತು. ಆದರೆ ಇಡೀ ಗದ್ದಲ 'ಮಗುವಿಗೆ ಎಷ್ಟು ಹೊತ್ತು ಪರದೆ' ಎಂಬಲ್ಲೇ ಸುತ್ತಿತು. 'ಟೀಚರ್ ಆ ಪರದೆಯಿಂದ ಏನು ಮಾಡಬೇಕು' ಎಂಬ ಪ್ರಶ್ನೆ ಅಷ್ಟಾಗಿ ಏಳಲೇ ಇಲ್ಲ.

ಯಂತ್ರವೇ ಬೇಕಾದ ತರಗತಿ

ಹಾಗೆಂದು ಯಂತ್ರವನ್ನು ಹೊರಗೆ ಹಾಕಿ ಬಾಗಿಲು ಜಡಿಯುವಂತಿಲ್ಲ. ಬೆಟ್ಟದಿಂದ ವಾಯವ್ಯಕ್ಕೆ ನೋಡಿದರೆ ಮಾನಸಗಂಗೋತ್ರಿಯ ಹಸಿರು. ಅಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಕೇಳದ ಎಳೆಯ ಮಕ್ಕಳಿಗೆ ಅಲ್ಲೊಂದು ಶಿಶುಶಾಲೆ. ಅಮ್ಮಂದಿರೂ ಮಕ್ಕಳ ಜೊತೆ ಕಲಿಯುತ್ತಾರೆ, ತರಗತಿಯ ಮಾತು ಮನೆಯಲ್ಲೂ ಮುಂದುವರಿಯಬೇಕಲ್ಲ.

ಆ ಮಕ್ಕಳಿಗೆ ಶ್ರವಣ ಸಾಧನ ಬೇಕೇ ಬೇಡವೇ ಎಂಬ ಚರ್ಚೆಯೇ ಇಲ್ಲ. ಅದಿಲ್ಲದೆ ಅಮ್ಮನ ದನಿಯೇ ಇಲ್ಲ. ಇಂಥ ಮಕ್ಕಳ ಟೀಚರಿಗೆ ಬೆಳಗಿನ ಮೊದಲ ಕೆಲಸ ಹಾಜರಿಯಲ್ಲ, ಬ್ಯಾಟರಿ ನೋಡುವುದು. ಸಾಧನ ಕಿವಿಗೆ ಸರಿಯಾಗಿ ಕೂತಿದೆಯೇ, ಒಳಗೆ ನೀರು ಹೋಗಿದೆಯೇ ಎಂದು ತಡವುವುದು.

ತಂತ್ರಜ್ಞಾನವನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಶ್ರವಣ ಸಾಧನ ಮಗುವಿನ ಗಮನವನ್ನು ತನ್ನ ಕಡೆ ಎಳೆಯುವುದಿಲ್ಲ. ಅಮ್ಮನ ಕಡೆ, ಗೆಳೆಯನ ಕಡೆ, ಅಂಗಳದ ಗುಬ್ಬಿಯ ಕಡೆ ಕಳಿಸುತ್ತದೆ. ಕಾರ್ಟೂನ್ ಹಚ್ಚಿದ ಫೋನ್ ಅವರೆಲ್ಲರ ಕಡೆಯಿಂದ ಮಗುವನ್ನು ತನ್ನ ಹತ್ತಿರಕ್ಕೆ ಸೆಳೆಯುತ್ತದೆ. ಎರಡೂ ಯಂತ್ರವೇ.

ಅದೇ ಮಾನಸಗಂಗೋತ್ರಿಯ ನೆರೆಯಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ. 1963ರಲ್ಲಿ ಎನ್‌ಸಿಇಆರ್‌ಟಿ ದೇಶದಲ್ಲಿ ತೆರೆದ ನಾಲ್ಕರಲ್ಲಿ ಒಂದು. ಉಳಿದವು ಅಜ್ಮೀರ್, ಭೋಪಾಲ್, ಭುವನೇಶ್ವರದಲ್ಲಿ. ನಾಳೆಯ ಟೀಚರುಗಳಿಗೆ ಓದಿನ ಜೊತೆಗೆ ಅಭ್ಯಾಸವೂ ಆಗಲೆಂದು ಆವರಣದಲ್ಲೇ ಒಂದು ಪ್ರಾತ್ಯಕ್ಷಿಕ ಶಾಲೆ. ಬೆಟ್ಟದಿಂದ ಇಳಿದು ನಜರ್‌ಬಾದಿನತ್ತ ಹೋದರೆ ಹಳೆಯ ವಸಂತ ಮಹಲಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಜನರ ಬಾಯಲ್ಲಿ ಡಯಟ್. ಟೀಚರುಗಳನ್ನು ತಯಾರು ಮಾಡುವ ಕೆಲಸಕ್ಕೆ ಈ ಊರಿನಲ್ಲಿ ಜಾಗಕ್ಕೇನೂ ಬರವಿಲ್ಲ.

ಆ ತಯಾರಿಯ ದಿಕ್ಕನ್ನು 2022ರ ಅಕ್ಟೋಬರ್ 20ರಂದು ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ: ಆಟ, ಆಟಿಕೆ, ಕಥೆ, ಹಾಡು. ಅದರ ಬೆನ್ನಿಗೆ 2023ರ ಫೆಬ್ರುವರಿ 20ರಂದು ಕೇಂದ್ರ ಸರ್ಕಾರ 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆ ಬಿಡುಗಡೆ ಮಾಡಿತು. ಸ್ಮಾರ್ಟ್‌ಫೋನ್ ಯುಗದಲ್ಲಿ ದೇಶ ಎಳೆಯರಿಗಾಗಿ ಹೊರತಂದ ಪೆಟ್ಟಿಗೆಯೊಳಗೆ ಇದ್ದದ್ದೇನು? ಗೊಂಬೆ, ಒಗಟು, ಆಟಿಕೆ, ಚಿತ್ರದ ಕಾರ್ಡು. ನವರಾತ್ರಿಗೆ ಅಟ್ಟದಿಂದ ಪಟ್ಟದ ಗೊಂಬೆ ಇಳಿಸುವ ಮೈಸೂರಿನ ಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ.

---

ಚೌಕಟ್ಟು 2: ನಾಳೆಯ ಟೀಚರ್ ಚೀಲದಲ್ಲಿ

- ಅಳಗುಳಿ ಮಣೆ ಮತ್ತು ಒಂದು ಹಿಡಿ ಹುಣಸೆಬೀಜ: ಎಣಿಕೆ, ಹಂಚಿಕೆ, ಸರದಿ ಕಾಯುವುದು ಮೂರನ್ನೂ ಕಲಿಸುತ್ತದೆ. ಚಾರ್ಜ್ ಬೇಡ.
- ಚನ್ನಪಟ್ಟಣದ ಬುಗುರಿ: ಮೈಸೂರು-ಬೆಂಗಳೂರು ದಾರಿಯಲ್ಲೇ ಸಿಗುತ್ತದೆ. ತಿರುಗಿದಾಗ ಬಣ್ಣಗಳು ಏಕೆ ಕೂಡಿಕೊಳ್ಳುತ್ತವೆ ಎಂದು ಕೇಳಿ ನೋಡಿ.
- ಫೋನ್: ಏರೋಪ್ಲೇನ್ ಮೋಡಿನಲ್ಲಿ. ಬೇಕಾದ ಸದ್ದು, ಚಿತ್ರ ಹಿಂದಿನ ರಾತ್ರಿಯೇ ಇಳಿಸಿಕೊಂಡಿರಬೇಕು. ತಿರುಗುವ ಬಿಳಿ ಚಕ್ರಕ್ಕೆ ತರಗತಿಯಲ್ಲಿ ಜಾಗವಿಲ್ಲ.
- ಒಂದು ಟಾರ್ಚು ಮತ್ತು ಬಿಳಿ ಪಂಚೆ: ಪ್ರಾಜೆಕ್ಟರ್ ಕೆಟ್ಟ ದಿನಕ್ಕೆ. ಕೆಡದ ದಿನಕ್ಕೂ.

---

ಫೋನ್ ಯಾರ ಕೈಯಲ್ಲಿ?

ಹಾಗಾದರೆ ಆ ಖಾಲಿ ಕಲಂನಲ್ಲಿ ಬರೆಯುವುದೇನು? ನಂದಿಯ ಹತ್ತಿರದ ಕಟ್ಟೆಯಲ್ಲಿ ಕೂತು ನಾವಿಬ್ಬರೂ ಅದನ್ನೇ ಕೆದಕಿದೆವು. ಪುಟ್ಟ ನನ್ನ ಹೆಗಲಿನಿಂದಿಳಿದು ಕಲ್ಲಿನ ಬಸವನ ಕೊರಳಗಂಟೆಗಳನ್ನು ಬೆರಳು ಮಾಡಿ ಎಣಿಸುತ್ತಿದ್ದ.

ಅವಳ ಮೊದಲ ಮಾತು: "ಫೋನು ನನ್ನ ಕೈಲಿರ್ಬೇಕು, ಮಗು ಕೈಲಲ್ಲ." ಎಳೆಯರ ತರಗತಿಯಲ್ಲಿ ಅದು ಟೀಚರಿನ ಮೂರನೆಯ ಕಣ್ಣು, ಮೂರನೆಯ ಕಿವಿ. ಗೀಜಗನ ಗೂಡಿನ ನೇಯ್ಗೆಯನ್ನು ಹತ್ತಿರದಿಂದ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಬಹುದು, ಆಮೇಲೆ ಮಕ್ಕಳ ಕೈಗೆ ಹುಲ್ಲು ಕೊಡಬೇಕು. ಕೋಗಿಲೆ, ರೈಲು, ಮಳೆಯ ಸದ್ದು ಕೇಳಿಸಿ "ಯಾರು ಹೇಳಿ?" ಎನ್ನಬಹುದು, ಆಮೇಲೆ ಮಕ್ಕಳೇ ಆ ಸದ್ದು ಮಾಡಬೇಕು. ಬೀಜ ಮೊಳೆಯುವುದನ್ನು ದಿನಕ್ಕೊಂದು ಚಿತ್ರ ತೆಗೆದು ವಾರದ ಕೊನೆಗೆ ಸಾಲಾಗಿ ಜೋಡಿಸಬಹುದು, ಆದರೆ ನೀರು ಹಾಕಿದ್ದು ಮಕ್ಕಳೇ ಆಗಿರಬೇಕು.

ಎರಡನೆಯದು ನಾನು ಹೇಳಿದ್ದು. ಕೋಟೆ ಸೀಮೆಯ ಹಾಡಿಗಳಿಂದ ಬರುವ ಜೇನುಕುರುಬ, ಕಾಡುಕುರುಬ ಮಕ್ಕಳ ಮನೆಮಾತು ಪಠ್ಯದ ಕನ್ನಡವಲ್ಲ. ಟೀಚರಿಗೆ ಆ ಮಾತು ಬಾರದು. ಹಾಡಿಯ ಅಜ್ಜಿಯ ಹತ್ತಿರ ಕೂತು ಅವಳ ಕಥೆಯನ್ನು ಫೋನಿಗೆ ಹೇಳಿಸಿ ತಂದರೆ? ತರಗತಿಯ ಮೊದಲ ದಿನ ಅಜ್ಜಿಯ ದನಿ ಕೇಳಿದ ಮಗು ಬಾಗಿಲ ಬಳಿ ನಿಂತು ಅಳುವುದು ಕಡಿಮೆಯಾದೀತು. ದೂರದ ಊರಿನಲ್ಲಿ ತಯಾರಾದ ನೂರು ವಿಡಿಯೋಗಳಿಗಿಂತ ಹಾಡಿಯ ಒಂದು ದನಿ ಹೆಚ್ಚು ಕೆಲಸ ಮಾಡುತ್ತದೆ. ಅವಳು ಕೂಡಲೇ ನೋಟ್‌ಬುಕ್ ತೆಗೆದು ಇದನ್ನು ಬರೆದುಕೊಂಡಳು.

ಮೂರನೆಯದು ಕಾನೂನಿನ ಮಾತು. ನಲಿಯುವ ಮಕ್ಕಳ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ, ಸ್ಟೇಟಸ್ಸಿಗೆ ಹಾಕುವುದು ಈಗ ಚಾಳಿಯಾಗಿದೆ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಬದಿಗಿರಲಿ, ಮೂಗು ಸುರಿಸುತ್ತ ಅಳುವ ಮಗುವಿನ ಚಿತ್ರವನ್ನು ಊರೆಲ್ಲ ನೋಡುವುದು ಆ ಮಗುವಿಗೆ ಇಷ್ಟವೇ ಎಂದು ನಾವು ಕೇಳಿದ್ದೇವೆಯೆ?

ಕೊನೆಯದನ್ನು ಯಾವ ಕಾಲೇಜೂ ಕಲಿಸಲಾರದು ಎಂದಳು. ಕೈಯಲ್ಲಿ ಫೋನಿದೆ ಎಂದ ಮೇಲೆ ಬರೀ ಪಾಠಕ್ಕೇ ಎಲ್ಲಿ ಬಿಡುತ್ತಾರೆ? ಹಾಜರಿ, ಊಟದ ಲೆಕ್ಕ, ಸಭೆಯ ಫೋಟೋ, ಮಾಹಿತಿ ತುಂಬುವುದು. 2021ರ ಮಾರ್ಚಿನಲ್ಲಿ 'ಪೋಷಣ್ ಟ್ರ್ಯಾಕರ್' ಆ್ಯಪ್ ಬಂದ ಮೇಲೆ ಅಂಗನವಾಡಿ ಟೀಚರ್ ಫೋನ್ ಹಿಡಿದು ಕೂತಿದ್ದರೆ ಹೆಚ್ಚಾಗಿ ಅದು ಮಕ್ಕಳ ತೂಕ, ಎತ್ತರ ತುಂಬುವುದಕ್ಕೇ. ಆ ಲೆಕ್ಕವೂ ಬೇಕಾದದ್ದೇ, ಸೊರಗಿದ ಮಗುವನ್ನು ಬೇಗ ಗುರುತಿಸಲು ಅದು ನೆರವಾಗುತ್ತದೆ. ಆದರೆ ಟೀಚರ್ ತಲೆ ಬಗ್ಗಿಸಿ ಪರದೆ ನೋಡುವಷ್ಟು ಹೊತ್ತೂ ಅವಳ ಸೆರಗು ಜಗ್ಗುವ ಮಗು ಕಾಯುತ್ತಿರುತ್ತದೆ. ಪರದೆಯ ಹೊತ್ತನ್ನು ಮಕ್ಕಳಿಗಷ್ಟೇ ಅಳೆಯುತ್ತೇವೆ. ಟೀಚರದ್ದನ್ನು ಅಳೆಯುವವರಿಲ್ಲ.

"ಅದಕ್ಕೇ ದೊಡ್ಡಪ್ಪ, ನನ್ನ ಪಾಠಯೋಜನೇಲಿ ಒಂದು ಸಾಲು ಸೇರಿಸ್ತೀನಿ" ಎಂದಳು. "ಎಲ್ರೂ ಫೋನ್ ಯಾವಾಗ ತೆಗೀಬೇಕು ಅಂತ ಬರೀತಾರೆ. ನಾನು ಯಾವಾಗ ಒಳಗಿಡಬೇಕು ಅಂತ ಬರೀತೀನಿ."

ಪರೀಕ್ಷಕರು ಅಂಕ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನಾದರೆ ಕೊಡುತ್ತೇನೆ.

---

ಚೌಕಟ್ಟು 3: ಬೆಟ್ಟದ ಲೆಕ್ಕ

- ಸಮುದ್ರ ಮಟ್ಟದಿಂದ ಬೆಟ್ಟದ ಎತ್ತರ ಸಾವಿರ ಮೀಟರಿಗೂ ಹೆಚ್ಚು. ಮೆಟ್ಟಿಲುಗಳೂ ಸಾವಿರಕ್ಕೂ ಹೆಚ್ಚು.
- ಮೆಟ್ಟಿಲುಗಳನ್ನೂ ದೊಡ್ಡ ನಂದಿಯನ್ನೂ ಮಾಡಿಸಿದ ಕೀರ್ತಿ 17ನೆಯ ಶತಮಾನದ ದೊರೆ ದೊಡ್ಡ ದೇವರಾಜ ಒಡೆಯರದ್ದು.
- ಬೆಟ್ಟದ ನೆತ್ತಿಗೆ ಬಸ್ ಹೋಗುತ್ತದೆ, ಸಂಖ್ಯೆ 201. ಎಣಿಕೆ ಕಲಿಯಬೇಕಾದವರು ಮಾತ್ರ ನಡೆದು ಹತ್ತುವುದು ಒಳ್ಳೆಯದು.

---

ಬಿಸಿಲೇರಿತ್ತು. ಪುಟ್ಟನಿಗೆ ಹಸಿವು, ನನಗೆ ಮಂಡಿನೋವು. ದೇವಿಗೆ ಅಲ್ಲಿಂದಲೇ ಕೈಮುಗಿದು, ನೆತ್ತಿಯ ಆಸೆ ಬಿಟ್ಟು ಇಳಿಯತೊಡಗಿದೆವು. ಬೆಳಗಿನ ಅರಿಸಿನ ಕುಂಕುಮ ಅಷ್ಟರಲ್ಲಿ ಎಷ್ಟೋ ಪಾದಗಳಿಗೆ ಅಂಟಿ ಊರಿನ ಕಡೆ ಇಳಿದುಹೋಗಿತ್ತು.

ಪಾದದ ಹತ್ತಿರ ಬಂದಾಗ ಪುಟ್ಟ ನನ್ನ ಹೆಗಲಿನಿಂದ ಜಾರಿದ. ಫೋನ್ ಕೇಳುತ್ತಾನೆಂದು ಅವನ ಚಿಕ್ಕಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಅವನು ಅತ್ತ ನೋಡಲೂ ಇಲ್ಲ. ತನ್ನಷ್ಟಕ್ಕೇ ಎಣಿಸುತ್ತ ಇಳಿದ. ಒಂಬತ್ತು. ಹತ್ತು. ಹನ್ನೊಂದು.

ನಿಂತ. ಮುಂದಿನ ಮೆಟ್ಟಿಲನ್ನು ಒಮ್ಮೆ ದಿಟ್ಟಿಸಿದ. ಎರಡೂ ಕಾಲು ಕೂಡಿಸಿ ಧೊಪ್ಪನೆ ಅದರ ಮೇಲೆ ಹಾರಿ, ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದ:

"ಹನ್ನೆರಡು!"